26 ಇಂಚಿನ ಚಕ್ರದ ಮೇಲೆ ನಿಂತ 1975ರ ಕ್ಯಾಪ್ರಿಸ್: ಇದರಲ್ಲಿ ಅಂದ ಕಾಣುವವರು ಏನನ್ನು ಕಾಣುತ್ತೀರಿ?

ಪ್ರಶ್ನೆ: ಹಳೇಗಾಡಿ, ಅಟ್ಲಾಂಟಾ

ಎಲ್ಲರಿಗೂ ನಮಸ್ಕಾರ. ಹಳೆಯ ಕಾರು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಉಳಿಯಬೇಕು ಎನ್ನುವ ಪಂಗಡಕ್ಕೆ ಸೇರಿದವನು ನಾನು. ಮೈಸೂರಿನಲ್ಲಿ ನಮ್ಮ ತಂದೆಯವರ ಪದ್ಮಿನಿ ಕಾರಿನ ಹಬ್‌ಕ್ಯಾಪ್ (ಚಕ್ರದ ಮುಚ್ಚಳ) ಒಂದು ಕಳೆದುಹೋದಾಗ, ಅದೇ ಮಾದರಿಯದು ಸಿಗುವವರೆಗೂ ಅವರು ಬೇರೆಯದನ್ನು ಹಾಕಿಸಲಿಲ್ಲ; ಆ ಹಟ ನನಗೂ ಬಂದಿದೆ.

ನಮ್ಮ ಬೀದಿಯ ಹಿರಿಯರೊಬ್ಬರಲ್ಲಿ 1975ರ ಶೆವ್ರೊಲೆ ಕ್ಯಾಪ್ರಿಸ್ ಕ್ಲಾಸಿಕ್ ಕನ್ವರ್ಟಿಬಲ್ ಇದೆ. ಕ್ಯಾಪ್ರಿಸ್‌ನಲ್ಲಿ ಮಡಚುವ ಛಾವಣಿ ಬಂದದ್ದು ಆ ವರ್ಷವೇ ಕೊನೆ. ಐದೂವರೆ ಮೀಟರಿಗೂ ಉದ್ದವಾದ, ನೆಲಕ್ಕೆ ಹತ್ತಿರವಾಗಿ ತೇಲುವಂತೆ ಸಾಗುತ್ತಿದ್ದ ಆ ಕಾರಿನ 15 ಇಂಚಿನ ಚಕ್ರಗಳನ್ನು ತೆಗೆದು, ಅವರು ಈಗ 26 ಇಂಚಿನ ರಿಮ್‌ಗಳನ್ನು ಹಾಕಿಸಿ, ಸ್ಪ್ರಿಂಗ್‌ಗಳನ್ನು ಎತ್ತರಿಸಿದ್ದಾರೆ. ಇಲ್ಲಿ ಇಂಥವನ್ನು ‘ಡಾಂಕ್’ ಎನ್ನುತ್ತಾರೆ. ನನ್ನ ಕಣ್ಣಿಗೆ ಅದು ಯಾರದೋ ಮೆಟ್ಟು ತೊಟ್ಟು ನಿಂತಂತೆ ಕಾಣುತ್ತದೆ. ಆದರೆ ಕಾಲೇಜಿಗೆ ಹೋಗುವ ನನ್ನ ಮಗ ಶನಿವಾರ ಬಂತೆಂದರೆ ಅವರ ಶೆಡ್ಡಿನಲ್ಲೇ ಇರುತ್ತಾನೆ, ಮತ್ತು ಇಷ್ಟು ಚಂದದ ಗಾಡಿಯನ್ನು ತಾನು ನೋಡಿಯೇ ಇಲ್ಲ ಎನ್ನುತ್ತಾನೆ.

ಜಗಳಕ್ಕಾಗಿ ಕೇಳುತ್ತಿಲ್ಲ. ಇದನ್ನು ಮೆಚ್ಚುವವರು ಇದರಲ್ಲಿ ಏನನ್ನು ನೋಡುತ್ತೀರಿ? ನನಗೆ ಆಗುತ್ತಿರುವ ಕಿರಿಕಿರಿ ಕೇವಲ ಅಭಿರುಚಿಯದೋ, ಅಥವಾ ಗಾಡಿಯ ಓಟಕ್ಕೂ ಸುರಕ್ಷತೆಗೂ ಸಂಬಂಧಿಸಿದ ಕಾರಣಗಳು ಅದರ ಹಿಂದೆ ಇವೆಯೋ?

ಉತ್ತರ: ಪಾನಾ, ಮಿಷಿಗನ್

ಅಭಿರುಚಿಯ ಮಾತನ್ನು ಬೇರೆಯವರಿಗೆ ಬಿಟ್ಟು, ಸಸ್ಪೆನ್ಷನ್ ಕೆಲಸದಲ್ಲಿರುವವನಾಗಿ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

26 ಇಂಚಿನ ರಿಮ್ ಎಂದ ಕೂಡಲೇ ಗಾಡಿ ಎತ್ತರವಾದದ್ದು ಚಕ್ರದಿಂದಲೇ ಎಂದು ಅನೇಕರು ಭಾವಿಸುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. 275/25 ಅಳತೆಯ (ಅಗಲ 275 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 25) ಟಯರ್ ಹಾಕಿದ್ದಾರೆಂದು ಇಟ್ಟುಕೊಂಡರೆ, ಟಯರಿನ ಪಕ್ಕದ ಗೋಡೆ ಸುಮಾರು 69 ಮಿಲಿಮೀಟರ್ ಇರುತ್ತದೆ, ಒಟ್ಟು ವ್ಯಾಸ 798 ಮಿಲಿಮೀಟರ್ ಆಗುತ್ತದೆ. 15 ಇಂಚಿನ ರಿಮ್ಮಿಗೆ 225/75 ಟಯರ್ ಹಾಕಿದರೆ ವ್ಯಾಸ 718ರ ಆಸುಪಾಸು. ಅಂದರೆ ಗಾಡಿ ಚಕ್ರದಿಂದ ಏರಿದ್ದು ಬರೀ ನಾಲ್ಕು ಸೆಂಟಿಮೀಟರ್. ಉಳಿದ ಎತ್ತರವೆಲ್ಲ ಸ್ಪ್ರಿಂಗ್ ಮತ್ತು ಅದರ ಜೊತೆ ಇಡುವ ಸ್ಪೇಸರ್ ಎಂಬ ದಿಂಡುಗಳದ್ದು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಅಥವಾ ಗುಂಡಿಗೆ ಇಳಿದಾಗ ಟಯರ್ ಮಡ್‌ಗಾರ್ಡಿಗೆ ಉಜ್ಜದಿರಲೆಂದು ಅಷ್ಟು ಎತ್ತುತ್ತಾರೆ.

ಆ ನಾಲ್ಕು ಸೆಂಟಿಮೀಟರಿನ ಪರಿಣಾಮ ಮಾತ್ರ ಸಣ್ಣದಲ್ಲ. ಸುತ್ತಳತೆ ಶೇಕಡಾ 11ರಷ್ಟು ಹೆಚ್ಚುವುದರಿಂದ, ಸ್ಪೀಡೋಮೀಟರನ್ನು ಸರಿಹೊಂದಿಸದಿದ್ದರೆ ಅದು 60 ಮೈಲಿ ತೋರಿಸುವಾಗ ಗಾಡಿ 66 ದಾಟಿರುತ್ತದೆ. ಬ್ರೇಕಿನ ಡಿಸ್ಕ್ ಹಳೆಯದೇ ಆಗಿದ್ದರೆ, ಪೆಡಲನ್ನು ಅಷ್ಟೇ ಬಲದಿಂದ ಒತ್ತಿದರೂ ನೆಲದ ಮೇಲೆ ಸಿಗುವ ತಡೆ ಸುಮಾರು ಶೇಕಡಾ 10 ಕಡಿಮೆಯಾಗುತ್ತದೆ. 30 ಇಂಚಿನ ರಿಮ್ ಹಾಕುವವರಿಗೆ ಈ ನಷ್ಟ ಶೇಕಡಾ 20ರ ಹತ್ತಿರ. ಎಂಜಿನ್ನಿನ ಎಳೆತಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ, ಆದ್ದರಿಂದಲೇ ತಿಳಿದವರು ಹಿಂದಿನ ಆಕ್ಸಲ್‌ನ ಗೇರ್ ಅನುಪಾತವನ್ನೂ ಬದಲಾಯಿಸುತ್ತಾರೆ. ಇದಲ್ಲದೆ ತೂಕದ ಹೆಚ್ಚಿನ ಭಾಗ ಚಕ್ರದ ಅಂಚಿಗೆ ಸರಿಯುವುದರಿಂದ, ಅದನ್ನು ತಿರುಗಿಸಲೂ ನಿಲ್ಲಿಸಲೂ ಹೆಚ್ಚು ಬಲ ಬೇಕು, ಮತ್ತು ತೆಳ್ಳಗಿನ ಟಯರ್ ನುಂಗಿಕೊಳ್ಳಲಾಗದ ಪ್ರತಿಯೊಂದು ಕುಲುಕೂ ನೇರವಾಗಿ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಷನ್‌ಗೆ ಸೇರಿಸುವ ಗುಂಡು ಕೀಲು) ಮತ್ತು ಬೇರಿಂಗ್‌ಗಳಿಗೆ ಹೋಗುತ್ತದೆ.

ಪಲ್ಟಿಯಾಗುವ ಅಪಾಯವನ್ನು ಅಳೆಯಲು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಒಂದು ಸರಳ ಅನುಪಾತವನ್ನು ಬಳಸುತ್ತದೆ: ಎಡಬಲ ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸುವುದು. ಗಾಡಿಯನ್ನು ಎತ್ತಿದಷ್ಟೂ ಈ ಸಂಖ್ಯೆ ಇಳಿಯುತ್ತದೆ. ಕ್ಯಾಪ್ರಿಸ್ ಅಗಲವಾದ, ಪ್ರತ್ಯೇಕ ಚಾಸಿ ಇರುವ ಭಾರದ ಕಾರಾದ್ದರಿಂದ ಅದಕ್ಕೆ ಸ್ವಲ್ಪ ಅವಕಾಶವಿದೆ. ಎಲ್ಲ ಕಾರಿಗೂ ಇರುವುದಿಲ್ಲ.

ಉತ್ತರ: ದಕ್ಷಿಣದವಳು, ಒರ್ಲಾಂಡೊ

ಪಾನಾ ಅವರ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೆ ಬರುವುದಿಲ್ಲ. ಆದರೆ ಹಳೇಗಾಡಿಯವರು ಮೊದಲು ಕೇಳಿದ್ದು ಬೇರೆಯದು, ಅದಕ್ಕೆ ನಾನು ಉತ್ತರಿಸಬಲ್ಲೆ. ಏಕೆಂದರೆ ನಾನು ಈ ಗಾಡಿಗಳನ್ನು ಇಷ್ಟಪಡುತ್ತೇನೆ.

ಡಾಂಕ್ ಎಂದರೆ ದೊಡ್ಡ ಚಕ್ರ ಹಾಕಿದ ಯಾವುದೋ ಕಾರು ಎಂದು ಹೊರಗಿನವರು ತಿಳಿಯುತ್ತಾರೆ. ಒಳಗಿನವರ ಮಟ್ಟಿಗೆ 1971ರಿಂದ 1976ರವರೆಗಿನ ಶೆವ್ರೊಲೆಯ ಇಂಪಾಲಾ ಮತ್ತು ಕ್ಯಾಪ್ರಿಸ್ ಮಾತ್ರ ಡಾಂಕ್. 1977ರಿಂದ 1990ರವರೆಗಿನ ಚೌಕಾಕಾರದ ಕ್ಯಾಪ್ರಿಸ್ ‘ಬಾಕ್ಸ್’, 1991ರಿಂದ 1996ರವರೆಗಿನ ಗುಂಡನೆಯದು ‘ಬಬಲ್’. ಈ ಗಡಿಗಳ ಬಗ್ಗೆ ನಡೆಯುವ ವಾದಗಳನ್ನು ಕೇಳಿದರೆ, ಹಬ್‌ಕ್ಯಾಪ್‌ಗಾಗಿ ಹಟ ಹಿಡಿದ ನಿಮ್ಮ ತಂದೆಯವರಿಗೆ ಇವರು ಅಪರಿಚಿತರೆಂದು ಅನ್ನಿಸಲಾರದು. ಎಷ್ಟು ಎತ್ತಬೇಕೆಂಬುದರಲ್ಲೂ ಅವರಲ್ಲಿ ಒಮ್ಮತವಿಲ್ಲ. ಬಾಡಿ ನೆಲಕ್ಕೆ ಸಮಾನಾಂತರವಾಗಿ ನಿಲ್ಲಬೇಕು, ಟಯರ್ ಮತ್ತು ಮಡ್‌ಗಾರ್ಡಿನ ನಡುವಿನ ಸಂದು ಮುಂದೆಯೂ ಹಿಂದೆಯೂ ಒಂದೇ ಆಗಿರಬೇಕು, ಚಕ್ರ ಬಾಡಿಯಿಂದ ಹೊರಗೆ ಚಾಚಬಾರದು ಎನ್ನುವವರು 24 ಅಥವಾ 26 ಇಂಚಿಗೆ ನಿಲ್ಲುತ್ತಾರೆ. ಎಷ್ಟು ದೊಡ್ಡದಾದರೆ ಅಷ್ಟು ಒಳ್ಳೆಯದು ಎಂದು 30 ಇಂಚನ್ನೂ ದಾಟುವವರನ್ನು, ಮಿಠಾಯಿ ಅಥವಾ ತಿಂಡಿ ಪೊಟ್ಟಣದ ಚಿತ್ರಗಳನ್ನು ಬಾಗಿಲ ತುಂಬ ಬಳಿಸುವವರನ್ನು ಮೊದಲಿನವರು ನಿಮ್ಮಷ್ಟೇ ಕಟುವಾಗಿ ಟೀಕಿಸುತ್ತಾರೆ.

ಬಣ್ಣವನ್ನು ಹತ್ತಿರದಿಂದ ನೋಡಿದ್ದೀರಾ? ‘ಕ್ಯಾಂಡಿ’ ಎನ್ನುವ ಬಣ್ಣದಲ್ಲಿ ಮೊದಲು ಬೆಳ್ಳಿಯದೋ ಚಿನ್ನದ್ದೋ ಲೋಹದ ಹೊಳಪಿನ ತಳ ಬಳಿಯುತ್ತಾರೆ, ಅದರ ಮೇಲೆ ಬೆಳಕು ಹಾಯುವಂಥ ಬಣ್ಣದ ತೆಳುವಾದ ಪದರಗಳನ್ನು ಒಂದರ ಮೇಲೊಂದು ಕೊಡುತ್ತಾರೆ, ಕೊನೆಗೆ ಕ್ಲಿಯರ್ ಕೋಟ್. ಒಂದು ಫಲಕಕ್ಕೆ ಒಂದು ಕೈ ಹೆಚ್ಚು ಬಿದ್ದರೂ ಆ ಬಾಗಿಲು ಪಕ್ಕದ್ದಕ್ಕಿಂತ ಕಪ್ಪಾಗಿ ಕಂಡುಬಿಡುತ್ತದೆ. ಮೋಡದ ದಿನ ಮಂಕಾಗಿರುವ ಅದೇ ಕೆಂಪು, ಬಿಸಿಲು ಬಿದ್ದ ಕೂಡಲೇ ತಳದಿಂದ ಹೊತ್ತಿಕೊಂಡಂತೆ ಕಾಣುತ್ತದೆ. ರಿಮ್ಮಿನ ಕಡ್ಡಿಗಳಿಗೂ ಅದೇ ಬಣ್ಣದ ಎಳೆ ತಂದಿರುತ್ತಾರೆ. ಇಲ್ಲಿ ನವೆಂಬರಿನಲ್ಲಿ ಫ್ಲೋರಿಡಾ ಕ್ಲಾಸಿಕ್ ಫುಟ್‌ಬಾಲ್ ಪಂದ್ಯದ ವಾರಾಂತ್ಯಕ್ಕೆ ಇಂಥ ಗಾಡಿಗಳು ಸೇರುತ್ತವೆ. ಅಲ್ಲಿ ಅವು ಓಡುವುದು ಕಾಲ್ನಡಿಗೆಯ ವೇಗದಲ್ಲಿ, ಏಕೆಂದರೆ ನೋಡಲು ಬಂದವರಿಗೆ ನೋಡುವಷ್ಟು ಹೊತ್ತು ಸಿಗಬೇಕು.

ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಹೇಳಬೇಕು. ಈ ಕಾರುಗಳು ಒಂದು ಕಾಲಕ್ಕೆ ಮಧ್ಯಮ ವರ್ಗದ ಕುಟುಂಬಗಳ ಸಾಧಾರಣ ಕಾರುಗಳಾಗಿದ್ದವು, ಟ್ಯಾಕ್ಸಿಗಳಾಗಿದ್ದವು. ಯಾರಿಗೂ ಬೇಡವಾಗಿ ಅಗ್ಗವಾದಾಗ ಅವನ್ನು ಕೊಂಡು, ಅಜ್ಜ ಓಡಿಸಿದ್ದ ಗಾಡಿಯನ್ನೇ ಉಳಿಸಿಕೊಂಡು, ಬೀದಿಯೆಲ್ಲ ತಿರುಗಿ ನೋಡುವಂತೆ ಮಾಡಿದವರು ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರ ಬಡಾವಣೆಗಳವರು. ಅದೇ ರಸ್ತೆಯಲ್ಲಿ ಒಂದಡಿ ಎತ್ತಿಸಿದ ಪಿಕ್‌ಅಪ್ ಹೋದರೆ ಗಂಡಸುತನ, ಡಾಂಕ್ ಹೋದರೆ ಕೀಳು ಅಭಿರುಚಿ ಎನ್ನುವ ಮಾತನ್ನು ನಾನು ಅನೇಕರ ಬಾಯಲ್ಲಿ ಕೇಳಿದ್ದೇನೆ, ನಮ್ಮವರ ಬಾಯಲ್ಲೂ. ಹಳೇಗಾಡಿಯವರು ಹಾಗೆಂದಿಲ್ಲ, ಆದರೆ ಅಭಿರುಚಿಯ ಹೆಸರಿನಲ್ಲಿ ಏನೇನು ನುಸುಳುತ್ತದೆ ಎಂಬುದು ನೆನಪಿರಬೇಕು. ಹಳೆಯ ಫೋರ್ಡುಗಳನ್ನು ಕತ್ತರಿಸಿ ಮಾಡಿದ ಹಾಟ್ ರಾಡ್‌ಗಳನ್ನೂ ಒಂದು ಕಾಲಕ್ಕೆ ಪುಂಡರ ಆಟವೆಂದೇ ತಳ್ಳಿಹಾಕುತ್ತಿದ್ದರು. 1997ರಲ್ಲಿ ಪೆಬಲ್ ಬೀಚ್‌ನ ಪ್ರತಿಷ್ಠಿತ ಹಳೆಯ ಕಾರುಗಳ ಪ್ರದರ್ಶನವೇ ಅವಕ್ಕೆ ಪ್ರತ್ಯೇಕ ವಿಭಾಗ ತೆರೆಯಿತು. ಕ್ಯಾಲಿಫೋರ್ನಿಯಾದಲ್ಲಿ ಗಾಡಿಯನ್ನು ನೆಲಕ್ಕೆ ಇಳಿಸುವ ಲೋರೈಡರ್‌ಗಳ ಮೇಲೆ ಹಾಕಿದ್ದ ನಿರ್ಬಂಧಗಳು ರಾಜ್ಯದಾದ್ಯಂತ ತೆರವಾದದ್ದು 2024ರ ಜನವರಿಯಿಂದ.

ಉತ್ತರ: ಕಾಫಿತೋಟ, ಸಕಲೇಶಪುರ

ನಮ್ಮ ಕಡೆ ಗಾಡಿ ಎತ್ತುವುದು ಮಳೆಗಾಲದ ಕೆಲಸಕ್ಕಾಗಿ. ತೋಟದ ಏರುದಾರಿಯಲ್ಲಿ ಕೆಸರು ಆಕ್ಸಲ್‌ಗೆ ತಾಗುವಂತಿರುವಾಗ ಜೀಪಿನ ಹೊಟ್ಟೆ ನೆಲಕ್ಕೆ ಉಜ್ಜದಿರಲಿ ಎಂದು ಲೀಫ್ ಸ್ಪ್ರಿಂಗಿಗೆ ಪಟ್ಟಿ ಸೇರಿಸುತ್ತಾರೆ, ಟಯರನ್ನೂ ಎತ್ತರದ್ದು ಹಾಕುತ್ತಾರೆ. ಆದರೆ ಆ ಟಯರಿನ ಪಕ್ಕದ ಗೋಡೆ ದಪ್ಪಗಿರಬೇಕು. ಗಾಳಿ ಇಳಿಸಿದಾಗ ಅದು ಹರಡಿಕೊಂಡು ಹಿಡಿತ ಕೊಡುತ್ತದೆ. ಐಸ್‌ಲ್ಯಾಂಡಿನವರು ಹಿಮದ ಮೇಲೆ ಓಡಿಸಲು 38 ಇಂಚು, 44 ಇಂಚಿನ ಟಯರ್ ಹಾಕಿ ಗಾಳಿಯನ್ನು ಬಹುಪಾಲು ಬಿಟ್ಟುಬಿಡುವುದೂ ಇದೇ ತತ್ವದ ಮೇಲೆ. ರಿಮ್ ದೊಡ್ಡದಾಗಿ ರಬ್ಬರ್ ತೆಳುವಾದ ಡಾಂಕ್ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು, ನನಗದು ಹಿಡಿಸುವುದಿಲ್ಲ.

ಹಾಗೆಂದು ಉಪಯೋಗದ ಹೆಸರು ಹೇಳುವವರೆಲ್ಲ ಪ್ರಾಮಾಣಿಕರೂ ಅಲ್ಲ. ಡಾಂಬರು ಬಿಟ್ಟು ಒಂದಡಿ ಇಳಿಯದ ಥಾರ್‌ಗಳು ನಾಲ್ಕಿಂಚು ಎತ್ತಿಸಿಕೊಂಡು, ಕೆಸರಿನ ಟಯರ್ ಗುಂಯ್‌ಗುಡಿಸುತ್ತ ಬೆಂಗಳೂರಿನಿಂದ ಇಲ್ಲಿಯ ಹೋಮ್‌ಸ್ಟೇಗಳಿಗೆ ಬರುವುದನ್ನು ನಾವು ವಾರವಾರವೂ ನೋಡುತ್ತೇವೆ. ಇಲ್ಲಿಯವರು ಗಮನಿಸಬೇಕಾದದ್ದು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದು ಸೇರಿಸಲಾಗಿದೆ.

ಉತ್ತರ: ಉಗಾದಿ, ಶಾರ್ಲೆಟ್

ನಮ್ಮ ನಾರ್ತ್ ಕ್ಯಾರೊಲೈನಾದಲ್ಲಿ ವಾದ ಎದ್ದದ್ದು ಡಾಂಕ್ ಬಗ್ಗೆ ಅಲ್ಲ, ಮೂತಿಯನ್ನು ಆಕಾಶಕ್ಕೆ ಎತ್ತಿ ಹಿಂಭಾಗವನ್ನು ಕುಕ್ಕರುಗಾಲಿನಲ್ಲಿ ಕೂರಿಸಿದ ಪಿಕ್‌ಅಪ್‌ಗಳ ಬಗ್ಗೆ. ಚಾಲಕನಿಗೆ ಎದುರಿನ ರಸ್ತೆಯೇ ಸರಿಯಾಗಿ ಕಾಣದು, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಮುಂದಿನ ಮಡ್‌ಗಾರ್ಡ್ ಹಿಂದಿನದಕ್ಕಿಂತ 4 ಇಂಚು ಅಥವಾ ಅದಕ್ಕೂ ಹೆಚ್ಚು ಎತ್ತರವಾಗುವಂತೆ ಬದಲಾಯಿಸುವುದನ್ನು ಇಲ್ಲಿ 2021ರ ಡಿಸೆಂಬರಿನಿಂದ ನಿಷೇಧಿಸಲಾಗಿದೆ. ವರ್ಜೀನಿಯಾ 2022ರಲ್ಲಿ, ಸೌತ್ ಕ್ಯಾರೊಲೈನಾ 2023ರಲ್ಲಿ ಇದೇ ದಾರಿ ಹಿಡಿದವು. ಬಾನೆಟ್ 40 ಇಂಚಿಗಿಂತ ಎತ್ತರವಿರುವ ವಾಹನಗಳು ಪಾದಚಾರಿಗಳಿಗೆ ಗುದ್ದಿದಾಗ, ತಗ್ಗಾದ ಇಳಿಜಾರು ಬಾನೆಟ್ಟಿನ ಕಾರುಗಳಿಗಿಂತ ಸಾವಿನ ಸಾಧ್ಯತೆ ಸುಮಾರು ಶೇಕಡಾ 45 ಹೆಚ್ಚು ಎಂದು ವಿಮಾ ಸಂಸ್ಥೆಗಳ ಹೆದ್ದಾರಿ ಸುರಕ್ಷತಾ ಕೇಂದ್ರ 2023ರಲ್ಲಿ ವರದಿ ಮಾಡಿತ್ತು. ಅದು ಕಾರ್ಖಾನೆಯಿಂದಲೇ ಎತ್ತರವಾಗಿ ಬರುವ ವಾಹನಗಳಿಗೂ ಸಲ್ಲುವ ಮಾತು. ನನ್ನ ಅಭಿಪ್ರಾಯದಲ್ಲಿ ಗೆರೆ ಎಳೆಯಬೇಕಾದದ್ದು ಇಲ್ಲಿ: ನಿಮ್ಮ ಕಣ್ಣಿಗೆ ಹಿಡಿಸದ್ದನ್ನು ನೀವು ಸಹಿಸಬೇಕು, ದಾರಿಹೋಕನ ಮೈಗೆ ತಗುಲುವುದನ್ನು ಯಾರೂ ಸಹಿಸಬೇಕಾಗಿಲ್ಲ.

ಹಳೇಗಾಡಿ, ಅಟ್ಲಾಂಟಾ

ಎಲ್ಲರಿಗೂ ಧನ್ಯವಾದಗಳು. ದಕ್ಷಿಣದವಳು ಅವರ ಉತ್ತರ ಓದಿದ ಮೇಲೆ ನಿನ್ನೆ ಮಗನ ಜೊತೆ ಆ ಶೆಡ್ಡಿಗೆ ಹೋಗಿ, ಮಡ್‌ಗಾರ್ಡಿನ ಸಂದಿಗೆ ಕೈಯಿಟ್ಟು ನೋಡಿದೆ. ಮುಂದೆಯೂ ಹಿಂದೆಯೂ ನಾಲ್ಕು ಬೆರಳು, ಒಂದು ಎಳೆಯಷ್ಟೂ ವ್ಯತ್ಯಾಸವಿಲ್ಲ. ಮಾಲೀಕರು ಮಡ್‌ಗಾರ್ಡಿನ ತಗಡನ್ನು ಎಲ್ಲಿಯೂ ಕತ್ತರಿಸಿಲ್ಲ. ಹಳೆಯ ಸ್ಪ್ರಿಂಗ್, ಚಕ್ರ, ಹಬ್‌ಕ್ಯಾಪ್‌ಗಳನ್ನು ಎಣ್ಣೆ ಹಚ್ಚಿ, ಕಾಗದ ಸುತ್ತಿ, ಚೀಟಿ ಅಂಟಿಸಿ ಅಟ್ಟದ ಮೇಲೆ ಇಟ್ಟಿದ್ದಾರೆ. ಆ ಅಟ್ಟ ಕಂಡು ನನಗೆ ಅವರ ಮೇಲೆ ಗೌರವ ಬಂತು. ಗಾಡಿ ನಿಂತಿರುವ ರೀತಿ ಮಾತ್ರ ಇನ್ನೂ ಹಿಡಿಸಿಲ್ಲ, ಮುಂದೆ ಹಿಡಿಸುವುದೂ ಅನುಮಾನ.

ಪಾನಾ ಅವರೇ, ಮುಂದಿನ ಭಾನುವಾರ ಮಗ ಆ ಗಾಡಿಯಲ್ಲಿ ಮೇಕನ್‌ವರೆಗೆ ಹೋಗುವವನಿದ್ದಾನೆ. ಹೆದ್ದಾರಿಗೆ ಇಳಿಯುವ ಮೊದಲು ಏನೇನು ನೋಡಬೇಕು?

ಪಾನಾ, ಮಿಷಿಗನ್

ಮೊದಲು ಬ್ರೇಕ್. 1975ರ ಕ್ಯಾಪ್ರಿಸ್‌ಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುತ್ತವೆ. ಮುಂದಿನದನ್ನಾದರೂ ದೊಡ್ಡದಕ್ಕೆ ಬದಲಾಯಿಸಿದ್ದಾರೆಯೇ ಎಂದು ಕೇಳಿ. ಬದಲಾಯಿಸಿಲ್ಲವಾದರೆ ಮೇಕನ್ ಬೇಡ, ಬಡಾವಣೆಯೊಳಗೆ ಸುತ್ತಾಡಲಿ. ಗಾಡಿ ಎತ್ತಿದಾಗ ಸ್ಟಿಯರಿಂಗ್ ಟೈ ರಾಡ್ (ಚಕ್ರವನ್ನು ತಿರುಗಿಸುವ ಸರಳು) ಓರೆಯಾಗುವುದರಿಂದ ಉಬ್ಬು ಹತ್ತಿದಾಗ ಚಕ್ರ ತಾನಾಗಿಯೇ ಪಕ್ಕಕ್ಕೆ ಎಳೆಯಬಹುದು; ಎತ್ತಿಸಿದ ನಂತರ ಅಲೈನ್‌ಮೆಂಟ್ ಮಾಡಿಸಿದ ಚೀಟಿ ಇದ್ದರೆ ನೋಡಿ. ಮುಂದಿನ ಬಾಲ್ ಜಾಯಿಂಟ್‌ಗಳು ತಮ್ಮ ಮಿತಿಯ ಅಂಚಿಗೆ ಹೋಗಿ ಕೂತಿವೆಯೇ ಎಂಬುದನ್ನು ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ ಟಾರ್ಚ್ ಹಾಕಿ ಪರೀಕ್ಷಿಸಿ. ಹೊಸ ರಿಮ್ ಹಾಕಿ ಐವತ್ತು ನೂರು ಮೈಲಿ ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿ ಮಾಡಬೇಕು, ಅದನ್ನು ಬಹಳ ಜನ ಮರೆಯುತ್ತಾರೆ. ಸ್ಪೀಡೋಮೀಟರನ್ನು ಫೋನಿನ ಜಿಪಿಎಸ್ ಜೊತೆ ಹೋಲಿಸಿ ನೋಡಲು ಮಗನಿಗೆ ಹೇಳಿ. ಮುಂದಿನ ಡಿಸ್ಕ್‌ನ ವ್ಯಾಸವನ್ನೂ ಟಯರಿನ ಮೇಲೆ ಅಚ್ಚಾದ ಅಳತೆಯನ್ನೂ ಇಲ್ಲಿ ಬರೆದರೆ, ಬ್ರೇಕಿನ ಲೆಕ್ಕವನ್ನು ಶನಿವಾರದೊಳಗೆ ಮಾಡಿಕೊಡುತ್ತೇನೆ.