ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನ ಜೊತೆ ಫಿನ್ಲೆಂಡ್: ಹೋಗಿಬಂದವರು ಅನುಭವ ಹೇಳಿ

ಕುವೆಂಪುನಗರದವಳು
ಡಿಸೆಂಬರ್ ಕೊನೇ ವಾರ ಅಪ್ಪ (72, ಮಂಡಿನೋವು), ಅಮ್ಮ (ಮೊಟ್ಟೆನೂ ಮುಟ್ಟಲ್ಲ), ನಾನು, ಏಳು ವರ್ಷದ ಮಗಳು ಫಿನ್ಲೆಂಡ್‌ಗೆ ಹೋಗೋ ಯೋಚನೆ ಇದೆ. ಉತ್ತರದ ಬೆಳಕು (ರಾತ್ರಿ ಆಕಾಶದಲ್ಲಿ ಹಸಿರಾಗಿ ಕಾಣೋ ಅರೋರಾ) ನೋಡ್ಬೇಕು ಅನ್ನೋದು ಅಪ್ಪನ ಬಹಳ ವರ್ಷದ ಆಸೆ. ಅಲ್ಲಿನ ಜನ ಆ ಚಳೀಲಿ ಹೇಗೆ ಬದುಕ್ತಾರೆ, ಹಬ್ಬ ಹೇಗೆ ಮಾಡ್ತಾರೆ ಅನ್ನೋದೂ ನೋಡ್ಬೇಕು ಅಂತಾರೆ. ಧ್ರುವವೃತ್ತದ ಹತ್ತಿರದ ರೊವನಿಯೆಮಿ ಊರು ಸಾಕಾ, ಇನ್ನೂ ಉತ್ತರಕ್ಕೆ ಹೋಗ್ಬೇಕಾ? ವಯಸ್ಸಾದವರಿಗೆ ಆಗುತ್ತಾ? ದಯವಿಟ್ಟು ತಿಳಿಸಿ.

ಜಯನಗರ 4ನೇ ಬ್ಲಾಕ್
ಡಿಸೆಂಬರ್‌ನಲ್ಲಿ ಬೇಡವೇ ಬೇಡ ಮೇಡಂ. ನಮ್ಮ ಲೆಕ್ಕ ಕೊಡ್ತೀನಿ, ಓದಿ ನೀವೇ ತೀರ್ಮಾನ ಮಾಡಿ. ವೀಸಾ ತಲೆಗೆ 90 ಯೂರೋ, ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ 45. ಮಧ್ಯವರ್ತಿ ಸೇವಾ ಶುಲ್ಕ, ಕೊರಿಯರ್, ಫೋಟೊ, ಎಲ್ಲಾ ಬೇರೆ. ಗಾಜಿನ ಚಾವಣಿಯ ಕೋಣೆ ಒಂದು ರಾತ್ರಿಗೆ 620 ಯೂರೋ. ನಾಯಿಗಾಡಿ ತಲೆಗೆ 165. ರಾತ್ರಿ ವ್ಯಾನಲ್ಲಿ ಕೂರಿಸ್ಕೊಂಡು ಬೆಳಕು ಹುಡುಕೋಕೆ ಹೋಗೋದು ತಲೆಗೆ 110. ಆ ವ್ಯಾನು ನಡುರಾತ್ರಿವರೆಗೂ ಕಾಡು ಸುತ್ತಿತು, ಮೇಲೆ ಒಂದು ನಕ್ಷತ್ರ ಕೂಡ ಕಾಣಲಿಲ್ಲ, ಬರೀ ಮೋಡ. ಬೆಂಕಿ ಹಾಕಿ ಎಲ್ಲರಿಗೂ ಸಾಸೇಜ್ ಸುಟ್ಟುಕೊಟ್ರು. ಸಸ್ಯಾಹಾರಿಗಳು ಅಂತ ಮೊದಲೇ ಬರೆದು ಕೊಟ್ಟಿದ್ದೆವು, ನಮ್ಮ ಪಾಲಿಗೆ ಬಂದಿದ್ದು ಬಿಸಿ ಹಣ್ಣಿನ ರಸ ಮಾತ್ರ. ದುಡ್ಡು ವಾಪಸ್ ಕೇಳಿದ್ರೆ "ಪ್ರಕೃತಿಗೆ ಗ್ಯಾರಂಟಿ ಇಲ್ಲ" ಅಂತ ರಸೀದಿ ಹಿಂದಿನ ಸಣ್ಣಕ್ಷರ ತೋರಿಸಿದ್ರು.

ರೊವನಿಯೆಮೀಲಿ ಆ ವಾರ ಹಗಲು ಅನ್ನೋದು ಸುಮಾರು ಎರಡು ಗಂಟೆ. ತಿಂಡಿ ಮುಗಿಸಿ, ಮಕ್ಕಳಿಗೆ ಪದರ ಪದರ ಬಟ್ಟೆ ಹಾಕಿ ಹೊರಡೋ ಹೊತ್ತಿಗೆ ಸೂರ್ಯ ಇಳೀತಾ ಇರ್ತಾನೆ. ಮೈನಸ್ 27ರಲ್ಲಿ ಅರವತ್ತು ಪರ್ಸೆಂಟ್ ತೋರಿಸ್ತಿದ್ದ ಫೋನು ಜೇಬಿಂದ ತೆಗೆದ ಕೂಡಲೇ ಆಫ್. ಬೆಂಗಳೂರಲ್ಲಿ 9,500 ಕೊಟ್ಟು ತಗೊಂಡ "ಹಿಮದ ಶೂ" ಅಟ್ಟೆ ಬಿರುಕು ಬಿಟ್ಟು, ಅಲ್ಲೇ 140 ಯೂರೋಗೆ ಇನ್ನೊಂದು ಜೊತೆ. ನಾಲ್ಕು ಜನಕ್ಕೆ ಒಟ್ಟು 11 ಲಕ್ಷದ 40 ಸಾವಿರ. ಬೆಳಕು ನೋಡಿದ್ದು ಹೋಟೆಲ್ ಲಾಬಿಯ ಟೀವೀಲಿ.

ಎಸ್ಪೋದಲ್ಲಿರೋ ಅಕ್ಕ
ಮೋಡ ಕವಿದಿದ್ದಕ್ಕೆ ಒಂದು ದೇಶದ ಮೇಲೇ ಕೋಪ ಯಾಕೆ ಸಾರ್? ನವೆಂಬರ್, ಡಿಸೆಂಬರ್ ಇಲ್ಲಿ ಫಿನ್ಲೆಂಡಲ್ಲಿ ಮೋಡದ ತಿಂಗಳು, ಇಲ್ಲಿರೋ ಯಾರನ್ನ ಕೇಳಿದ್ರೂ ಹೇಳ್ತಿದ್ರು. ಆಕಾಶ ತೆರೆಯೋದು ಫೆಬ್ರವರಿ, ಮಾರ್ಚ್‌ನಲ್ಲಿ. ನಿಮಗೆ ಟಿಕೆಟ್ ಮಾರಿದವರು ಅದನ್ನ ಹೇಳಲಿಲ್ಲ ಅಂದ್ರೆ ಜಗಳ ಅವರ ಹತ್ರ ಆಡಿ.

ಡಿಸೆಂಬರ್ ಕೊನೇ ವಾರದಲ್ಲಿ ನಿಜವಾಗಿ ನೋಡಬೇಕಾದ್ದು ಭೂಮಿ ಮೇಲೇ ಇದೆ. 24ನೇ ತಾರೀಕು ಮಧ್ಯಾಹ್ನ 12ಕ್ಕೆ ತುರ್ಕು ನಗರದ ಹಳೇ ಚೌಕದಲ್ಲಿ, ಒಂದು ಮನೆಯ ಬಾಲ್ಕನಿಯಿಂದ ಕ್ರಿಸ್‌ಮಸ್ ಶಾಂತಿಯ ಘೋಷಣೆ ಓದ್ತಾರೆ. ಮಧ್ಯಯುಗದಿಂದ ಬಂದ ಪದ್ಧತಿ. ಇಡೀ ದೇಶ ಟೀವೀಲಿ ನೋಡುತ್ತೆ, ಆಮೇಲೆ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕುತ್ವೆ, ರಸ್ತೆ ಖಾಲಿ. ಕತ್ತಲಾದ ಮೇಲೆ ಜನ ಹೋಗೋದು ಸ್ಮಶಾನಕ್ಕೆ. ಹೆಲ್ಸಿಂಕಿಯ ಹಿಯೆತಾನಿಯೆಮಿಗೆ ನಾವು ಪ್ರತಿ ವರ್ಷ ಹೋಗ್ತೀವಿ, ನಮ್ಮೋರು ಯಾರೂ ಅಲ್ಲಿ ಇಲ್ಲದಿದ್ರೂ. ಸಮಾಧಿ ಸಮಾಧಿಗೂ ಮೇಣದ ದೀಪ. ಗಾಳಿಗೆ ಆರದ ಹಾಗೆ ಮೇಲೆ ತಗಡಿನ ಮುಚ್ಚಳ ಇರುತ್ತೆ, ಸುತ್ತ ಹಿಮ ಕರಗಿ ಸಣ್ಣ ಗುಂಡಿ ಆಗಿರುತ್ತೆ. ಹೋದ ವರ್ಷ ಒಂದು ಹುಡುಗಿ ಕೈಗವಸಿನಲ್ಲಿ ಕಲ್ಲಿನ ಮೇಲಿನ ಹಿಮ ಒರೆಸಿ, ಒಂದೊಂದೇ ಅಕ್ಷರ ಕೂಡಿಸಿ ಮುತ್ತಜ್ಜನ ಹೆಸರು ಓದ್ತಿದ್ಲು. ಬೇರೆ ಊರಿನಲ್ಲಿ ಮಣ್ಣಾದವರಿಗೂ ಒಂದು ಜಾಗ ಇದೆ, ಅಲ್ಲಿ ಯಾರು ಬೇಕಾದ್ರೂ ದೀಪ ಇಡಬಹುದು. ನಮ್ಮತ್ತೆ ಊರಿಂದ ಬಂದಾಗ ಮಾವನ ಹೆಸರು ಹೇಳಿ ಇಟ್ರು. ಇದಕ್ಕೆ ಖರ್ಚು ಎರಡು ಮೂರು ಯೂರೋ.

ಧಾರವಾಡದಾಂವ
ಅಲ್ರೀ, ಬೆಳಕು ಬೆಳಕು ಅಂತ ಇಷ್ಟ ಮಾತಾಡಾಕತ್ತೀರಿ, ಸೌನಾದ (ಹಬಿ ಸ್ನಾನದ ಕೋಣಿ) ಸುದ್ದಿ ಒಬ್ರೂ ತಗೀವಲ್ರಿ. 55 ಲಕ್ಷ ಚಿಲ್ಲರ ಮಂದಿ ಇರೋ ದೇಶದಾಗ 30 ಲಕ್ಷದಷ್ಟು ಸೌನಾ ಅದಾವ. 2020ರಾಗ ಯುನೆಸ್ಕೋ ಪಟ್ಟಿಗೂ ಸೇರೇತಿ. ನಾ ನಮ್ಮ ಅಪ್ಪನ್ನ ತಾಂಪೆರೆ ಅನ್ನೋ ಊರಿಗೆ ಕರಕೊಂಡು ಹೋಗಿದ್ದೆ. ಅಲ್ಲಿ ಪಿಸ್ಪಲಾ ಅನ್ನೋ ಓಣ್ಯಾಗ ರಾಯಾಪೋರ್ತಿ ಅಂತ ಸಾರ್ವಜನಿಕ ಸೌನಾ ಐತಿ, 1906ರದ್ದು. ಇಡೀ ದೇಶದಾಗ ಇನ್ನೂ ಚಾಲೂ ಇರೋ ಸಾರ್ವಜನಿಕ ಸೌನಾದೊಳಗ ಅದ ಹಳೇದು. ಗಂಡಸ್ರಿಗೆ ಬ್ಯಾರೆ, ಹೆಂಗಸ್ರಿಗೆ ಬ್ಯಾರೆ. ಒಳಗ ಅರಿವಿ ಇಲ್ಲ, ಕೂಡಾಕ ಕೆಳಗ ಒಂದು ಸಣ್ಣ ಟವೆಲ್ ಅಷ್ಟ.

ಅಪ್ಪ ಬಾಗಲದಾಗ ನಿಂತು "ನಾ ಒಲ್ಲೆ" ಅಂದ್ರು. ಒಳಗ ಕುಂತಿದ್ದ ಅವರ ವಯಸ್ಸಿನ ಒಬ್ಬ ಅಜ್ಜ ಏನೂ ಮಾತಾಡ್ಲಿಲ್ಲ, ಬಾಜೂಕ ಸರದು ಹಲಗಿ ಮ್ಯಾಲೆ ಕೈಲೆ ತಟ್ಟಿ ತೋರಿಸಿದ. ಅಪ್ಪ ಹೋಗಿ ಕುಂತ್ರು. ಕಾದ ಕಲ್ಲಿನ ಮ್ಯಾಲೆ ನೀರು ಬಿದ್ದು ಹಬಿ ಬಂದಾಗ ಕಿವಿ ಸುಟ್ಟಂಗ ಆಕ್ಕೇತಿ, ತಲಿ ಬಗ್ಗಿಸಬೇಕು. ಆಮ್ಯಾಲೆ ಎಲ್ಲಾರೂ ಟವೆಲ್ ಸುತ್ತಿಕೊಂಡು ಹೊರಗ ಅಂಗಳದಾಗ ಹಿಮದ ನಡುವ ಕುಂತೀವಿ, ಮೈಯಿಂದ ಹಬಿ ಏಳತಿತ್ತು, ಥಂಡಿ ಅನ್ನೋದ ಗೊತ್ತಾಗ್ಲಿಲ್ಲ. ಆ ರಾತ್ರಿ ಅಪ್ಪ ಮಂಡಿ ಹಿಡಕೊಳ್ಳಲಾರದ ಮಲಗಿದ್ರು. ಬಿಪಿ, ಹೃದಯದ ತೊಂದ್ರಿ ಇದ್ದವರು ಡಾಕ್ಟರ್‌ನ ಕೇಳೇ ಹೋಗ್ಬೇಕು, ಅದು ಬ್ಯಾರೆ ಮಾತು.

ಜಯನಗರ 4ನೇ ಬ್ಲಾಕ್
ವಯಸ್ಸಾದ ತಂದೆಯನ್ನ ಅಪರಿಚಿತರ ನಡುವೆ ಬೆತ್ತಲೆ ಕೂರಿಸಿದ್ದನ್ನ ಹೆಮ್ಮೆಯಿಂದ ಬರೀತೀರಲ್ಲ! ಎಲ್ಲ ಮನೆಯವರಿಗೂ ಇದು ಒಪ್ಪೋ ವಿಷಯ ಅಲ್ಲ. ಇನ್ನೊಂದು ಹೇಳ್ತೀನಿ: ಕೆಫೆ ಹೊರಗೆ ಮೈನಸ್ ಎಂಟರಲ್ಲಿ ಕೂಸನ್ನ ತಳ್ಳುಗಾಡೀಲಿ ಮಲಗಿಸಿ, ತಾಯಿ ಒಳಗೆ ಕೂತು ಕಾಫಿ ಕುಡೀತಿದ್ಲು. ನನ್ನ ಹೆಂಡತಿ ನೋಡಿ ಕಣ್ಣೀರು ಹಾಕಿದ್ಲು. ಇದನ್ನೂ ಸಂಸ್ಕೃತಿ ಅಂತೀರಾ?

ಧಾರವಾಡದಾಂವ
ನಮ್ಮ ಅಪ್ಪನ ಮರ್ಯಾದಿ ಚಿಂತಿ ನಿಮಗ ಬ್ಯಾಡ್ರಿ. ಹೊಳ್ಯಾಗ ಈಸು ಬಿದ್ದು ಬೆಳದ ಮಂದಿ ನಾವು. ಅಲ್ಲಿ ಯಾರೂ ಯಾರನ್ನೂ ನೋಡಂಗಿಲ್ಲ.

ಎಸ್ಪೋದಲ್ಲಿರೋ ಅಕ್ಕ
ಆ ತಾಯಿ ಜಾಗದಲ್ಲಿ ನಾನೂ ಕೂತಿದ್ದೀನಿ, ಅದಕ್ಕೇ ಬರೀತಿದ್ದೀನಿ. ನನ್ನ ಮಗ ಎರಡು ಚಳಿಗಾಲ ಹೊರಗೇ ಮಲಗಿದ್ದಾನೆ. ಉಣ್ಣೆ ಒಳಬಟ್ಟೆ, ಮೇಲೆ ದಪ್ಪ ಚೀಲದಂಥ ಹೊದಿಕೆ, ಮುಖಕ್ಕೆ ಗಾಳಿ ತಾಗದ ಹಾಗೆ ಗಾಡಿಯ ಚಾವಣಿ ಇಳಿಸಿರೋದು. ಬೆರಳನ್ನ ಕತ್ತಿನ ಹಿಂದೆ ಇಟ್ಟು ಬೆಚ್ಚಗಿದೆಯಾ ಅಂತ ನೋಡೋದನ್ನ ಕ್ಲಿನಿಕ್‌ನ ನರ್ಸೇ ಹೇಳಿಕೊಟ್ಟಿದ್ದು. ಮೈನಸ್ ಹತ್ತು ದಾಟಿದ್ರೆ ಹೊರಗೆ ಮಲಗಿಸಲ್ಲ. ಹೆರಿಗೆಗೆ ಮುಂಚೆ ಸರ್ಕಾರದಿಂದ ಬರೋ ಪೆಟ್ಟಿಗೇಲಿ ಆ ಹೊದಿಕೆನೂ ಇರುತ್ತೆ, 1938ರಿಂದ ನಡೆದು ಬಂದ ಯೋಜನೆ. ಕಣ್ಣೀರು ಹಾಕೋ ಮುಂಚೆ ಆ ತಾಯಿಯನ್ನ ಒಂದು ಮಾತು ಕೇಳಬಹುದಿತ್ತು.

ಶಿರಸಿಯವ, ಈಗ ಔಲು
ಮಂಡಿನೋವಿನ ವಿಷಯ ಯಾರೂ ಹೇಳಲಿಲ್ಲ. ಚಳಿಗಿಂತ ಕೆಟ್ಟದ್ದು ನೆಲ. ಹಿಮ ಕರಗಿ ರಾತ್ರಿ ಮತ್ತೆ ಗಟ್ಟಿಯಾದಾಗ ಫುಟ್‌ಪಾತ್ ಗಾಜಿನಂತೆ ಜಾರುತ್ತದೆ. ನಗರಸಭೆಯವರು ಜಲ್ಲಿಪುಡಿ ಚೆಲ್ಲುತ್ತಾರೆ, ಆದರೂ ಸಾಲದು. ಶೂ ಮೇಲೆ ಎಳೆದು ಹಾಕಿಕೊಳ್ಳುವ ಮೊಳೆಯ ಪಟ್ಟಿ ಸಿಗುತ್ತದೆ, ಬಂದ ದಿನವೇ ತೆಗೆದುಕೊಳ್ಳಿ. ನಮ್ಮ ಬೀದಿಯ ಎಂಬತ್ತು ದಾಟಿದ ಅಜ್ಜಿ ಕಾಲಲ್ಲಿ ತಳ್ಳುವ ಜಾರುಗಾಡಿಯಲ್ಲಿ ಅಂಗಡಿಗೆ ಹೋಗುತ್ತಾರೆ. ಕುರ್ಚಿಯಂಥ ಸೀಟು, ಹಿಂದೆ ಉದ್ದಕ್ಕೆ ಎರಡು ಕಬ್ಬಿಣದ ಪಟ್ಟಿ. ಒಂದು ಪಟ್ಟಿ ಮೇಲೆ ಒಂದು ಕಾಲು, ಇನ್ನೊಂದು ಕಾಲಲ್ಲಿ ನೆಲಕ್ಕೆ ಒದೆಯುವುದು. ಸೀಟಿನ ಮೇಲೆ ಹಾಲು, ಆಲೂಗಡ್ಡೆಯ ಚೀಲ. ನಿಮ್ಮ ತಂದೆಯನ್ನು ಸೀಟಲ್ಲಿ ಕೂರಿಸಿ ನೀವು ತಳ್ಳಬಹುದು, ನನ್ನ ತಾಯಿಯನ್ನು ಹಾಗೆಯೇ ಊರೆಲ್ಲ ಸುತ್ತಿಸಿದ್ದೇನೆ. ಕತ್ತಲಲ್ಲಿ ನಡೆಯುವಾಗ ಕೋಟಿಗೆ ಹೊಳೆಯುವ ಬಿಲ್ಲೆ ತೂಗುಹಾಕಬೇಕು, ಇಲ್ಲಿ ಅದು ಕಾನೂನು.

ಇನ್ನೊಂದು ಸಮಾಧಾನ: ಇಲ್ಲಿನ ಬಚ್ಚಲಲ್ಲಿ ಕಮೋಡಿನ ಪಕ್ಕ ಕೈಶವರ್ ಇರುತ್ತದೆ. ಯುರೋಪಿನ ಬೇರೆ ಕಡೆ ಒದ್ದಾಡಿದ ನನ್ನ ತಾಯಿ ಇದೊಂದಕ್ಕೇ ಈ ದೇಶವನ್ನು ಒಪ್ಪಿಕೊಂಡರು.

ಹಾಸನದ ಟ್ರಾವೆಲರ್
ನಾವು ಹಿಮಸಾರಂಗದ ಫಾರ್ಮ್‌ಗೆ ಹೋಗಿದ್ವಿ, ತಲೆಗೆ 148 ಯೂರೋ. ಅಲ್ಲಿನ ಉತ್ತರದ ಮೂಲನಿವಾಸಿ ಸಾಮಿ ಜನಾಂಗದ ನೀಲಿ ಕೆಂಪು ಉಡುಪು ಹಾಕ್ಕೊಂಡವರು ಡೋಲು ಬಾರಿಸಿ, ನಮ್ಮ ಹಣೆಗೆ ಮಸಿ ಇಟ್ಟು, ಧ್ರುವವೃತ್ತ ದಾಟಿದ್ದಕ್ಕೆ ಸರ್ಟಿಫಿಕೇಟ್ ಕೊಟ್ರು. ಮಕ್ಕಳಿಗೆ ತುಂಬಾ ಖುಷಿ. ಸಾಮಿಗಳಿಗೆ ಬಿಟ್ಟು ಬೇರೆ ಯಾರಿಗೂ ಹಿಮಸಾರಂಗ ಸಾಕೋ ಹಕ್ಕಿಲ್ಲ ಅಂತ ಅಲ್ಲಿ ಹೇಳಿದ್ರು. ತಪ್ಪದೆ ಹೋಗಿ.

ಶಿರಸಿಯವ, ಈಗ ಔಲು
ಆ ಥರದ ನಿಯಮ, ಕೆಲವು ವಿನಾಯಿತಿ ಬಿಟ್ಟರೆ, ಇರುವುದು ನಾರ್ವೆ, ಸ್ವೀಡನ್‌ಗಳಲ್ಲಿ. ಫಿನ್ಲೆಂಡಿನಲ್ಲಿ ಸಾಕಣೆ ಪ್ರದೇಶದೊಳಗೆ ವಾಸವಿರುವ ಯಾವ ಯುರೋಪಿಯನ್ ಒಕ್ಕೂಟದ ಪ್ರಜೆಯಾದರೂ ಸಾಕಬಹುದು. ಕಾಡಲ್ಲಿ ಅಡ್ಡಾಡುವ ಪ್ರತಿಯೊಂದಕ್ಕೂ ಒಡೆಯ ಇದ್ದಾನೆ, ಕಿವಿಯಲ್ಲಿ ಕತ್ತರಿಸಿದ ಗುರುತು ನೋಡಿ ಯಾರದ್ದೆಂದು ಹೇಳುತ್ತಾರೆ. "ನಿಮ್ಮ ಹತ್ತಿರ ಎಷ್ಟಿವೆ" ಎಂದು ಮಾತ್ರ ಕೇಳಬೇಡಿ, ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿದ ಲೆಕ್ಕ. ರಸ್ತೆಯಲ್ಲಿ ಕಾರು ತಾಗಿದರೆ 112ಕ್ಕೆ ಫೋನ್ ಮಾಡಲೇಬೇಕು.

ಆ ಹಣೆಯ ಮಸಿ, ಡೋಲಿನ ಆಟದ ಬಗ್ಗೆ ಸಾಮಿಗಳಿಗೇ ನೋವಿದೆ. ಉಡುಪು ನೋಡಿದರೆ ಆ ವ್ಯಕ್ತಿ ಯಾವ ಊರು, ಯಾವ ಮನೆತನ ಎಂದು ಅವರಿಗೆ ತಿಳಿಯುತ್ತದೆ. ಅದನ್ನು ಯಾರೋ ವೇಷದಂತೆ ತೊಟ್ಟು ಕುಣಿಯುತ್ತಾರೆ. ಫಿನ್ಲೆಂಡಿನ ಸಾಮಿ ಸಂಸತ್ತು 2018ರಲ್ಲಿ ಪ್ರವಾಸೋದ್ಯಮಕ್ಕೆ ನೀತಿಸೂತ್ರಗಳನ್ನೇ ಹೊರಡಿಸಿತು. ನಿಜವಾಗಿ ತಿಳಿಯಬೇಕಿದ್ದರೆ ಇನ್ನೂ ಉತ್ತರದ ಇನಾರಿ ಎಂಬ ಊರಿಗೆ ಹೋಗಿ "ಸೀದಾ" (Siida) ಎಂಬ ಹೆಸರಿನ ಸಾಮಿ ಮ್ಯೂಸಿಯಂ ನೋಡಿ. 2024ರ ಯುರೋಪಿನ ಅತ್ಯುತ್ತಮ ಮ್ಯೂಸಿಯಂ ಪ್ರಶಸ್ತಿ ಅದಕ್ಕೇ ಬಂತು.

ಹಾಸನದ ಟ್ರಾವೆಲರ್
ಮಕ್ಕಳು ಖುಷಿಪಟ್ಟಿದ್ದು ತಪ್ಪಾ? ನಾವು ದುಡಿದ ದುಡ್ಡು, ನಮ್ಮ ರಜೆ. ಅಲ್ಲಿ ನೆಲೆಸಿದವರೆಲ್ಲ ಬರೋರಿಗೆ ಪಾಠ ಹೇಳೋದೇ ಆಯ್ತು.

ಶಿರಸಿಯವ, ಈಗ ಔಲು
ತಪ್ಪು ಮಕ್ಕಳದ್ದೂ ಅಲ್ಲ, ನಿಮ್ಮದೂ ಅಲ್ಲ, ಮಾರಿದವರದು. ನಮ್ಮೂರಿನ ಯಕ್ಷಗಾನದ ಕಿರೀಟ ತೊಟ್ಟು ಯಾರೋ ರೆಸಾರ್ಟಿನಲ್ಲಿ ಕುಣಿದರೆ ನನಗೆ ಸಿಟ್ಟು ಬರುತ್ತದೆ. ಅದೇ ಸಿಟ್ಟು ಅವರಿಗೂ ಉಂಟೆಂದು ಹೇಳಿದೆ.

ಕೊಡಿಯಾಲದ ಹುಡುಗಿ
ಎಲ್ಲರೂ ಹಿಮ ಹಿಮ ಹೇಳ್ತೀರಿ, ಸೆಪ್ಟೆಂಬರ್ ಹೇಳುವವರೇ ಇಲ್ಲ ಮಾರಾಯ್ರೆ. ಬೆಳಕು ಆಗಸ್ಟ್ ಕೊನೆಯಿಂದಲೇ ಕಾಣ್ತದೆ, ಅದಕ್ಕೆ ಕತ್ತಲೆ ಬೇಕು, ಹಿಮ ಬೇಡ. ನಾವು ಹೋದದ್ದು ಇನಾರಿ ಸರೋವರಕ್ಕೆ. ನೀರು ಇನ್ನೂ ಗಟ್ಟಿಯಾಗಿರಲಿಲ್ಲ, ಮೇಲೆ ಒಂದು ಹಸಿರು, ಕೆಳಗೆ ನೀರಿನಲ್ಲಿ ಇನ್ನೊಂದು. ಕೋಣೆಗೆ 95 ಯೂರೋ, ನಾಲ್ಕು ಪದರ ಬಟ್ಟೆಯ ಖರ್ಚೇ ಇಲ್ಲ. ಜೂನ್, ಜುಲೈಯ ಸೊಳ್ಳೆಯೂ ಮುಗಿದಿತ್ತು. ಕಾಡಿನಲ್ಲಿ ಕೆಂಪು ಲಿಂಗನ್ ಹಣ್ಣು ಯಾರು ಬೇಕಾದರೂ ಕೊಯ್ಯಬಹುದು, ಕಾಡು ಯಾರದ್ದೇ ಆಗಲಿ. ಜನರ ಮನೆ ಅಂಗಳಕ್ಕೆ ಹೋಗಬಾರದು ಅಷ್ಟೆ. ಅಮ್ಮ ಎರಡು ಡಬ್ಬ ಕೊಯ್ದು ಬೆಲ್ಲ, ಮೆಣಸು ಹಾಕಿ ಗೊಜ್ಜು ಮಾಡಿದರು. ಹುಣಸೆಹುಳಿಯ ನೆನಪೇ ಆಗಲಿಲ್ಲ.

ಜಯನಗರ 4ನೇ ಬ್ಲಾಕ್
ಸೆಪ್ಟೆಂಬರ್‌ನಲ್ಲಿ ಮಕ್ಕಳ ಶಾಲೆ ಬಿಡಿಸ್ಕೊಂಡು ಹೋಗೋಕೆ ಎಲ್ಲರಿಗೂ ಆಗಲ್ಲ. ನಾವು ಡಿಸೆಂಬರ್‌ಗೆ ಹೋಗಿದ್ದೇ ಅದಕ್ಕೆ.

ಕುವೆಂಪುನಗರದವಳು
ಎಲ್ಲರಿಗೂ ಧನ್ಯವಾದ. ಸ್ಮಶಾನದ ದೀಪದ ವಿಷಯ ಅಪ್ಪನಿಗೆ ಓದಿ ಹೇಳಿದೆ, ಅದನ್ನೇ ಮೊದಲು ನೋಡೋಣ ಅಂತಿದ್ದಾರೆ. ಹಾಗಾಗಿ ತಿಂಗಳು ಡಿಸೆಂಬರೇ. ಅಮ್ಮನ ಊಟದ ಬಗ್ಗೆ ಮಾತ್ರ ಇನ್ನೂ ಯಾರೂ ಹೇಳಿಲ್ಲ.

ಎಸ್ಪೋದಲ್ಲಿರೋ ಅಕ್ಕ
ಕರ್ಯಾಲನ್‌ಪೀರಕ್ಕ ಕೊಡಿ: ರೈ ಹಿಟ್ಟಿನ ತೆಳು ಹಾಳೆ ಒಳಗೆ ಹಾಲಲ್ಲಿ ಬೇಯಿಸಿದ ಅನ್ನ. ಮೇಲೆ ಮೊಟ್ಟೆ ಕಲಸಿದ ಬೆಣ್ಣೆ ಹಚ್ಚೋ ರೂಢಿ, ಬೇಡ ಅಂತ ಹೇಳಿ. ಹಿಟ್ಟಿಗೂ ಮೇಲ್ಭಾಗಕ್ಕೂ ಏನು ಹಾಕಿದಾರೆ ಅಂತ ಪೊಟ್ಟಣ ಓದಿ. ಹಬ್ಬದ ದಿನ ಅನ್ನದ ಗಂಜಿ ಮಾಡಿ ಒಂದೇ ಒಂದು ಬಾದಾಮಿ ಹಾಕಿರ್ತಾರೆ, ಯಾರ ಬಟ್ಟಲಿಗೆ ಬಂತೋ ಅವರಿಗೆ ಅದೃಷ್ಟ. ಮಗಳಿಗೆ ಇಷ್ಟ ಆಗುತ್ತೆ. ಮೊಸರಿಗೆ ವೀಲಿ ತಗೊಳ್ಳಿ.

ಧಾರವಾಡದಾಂವ
ವೀಲಿ ಬ್ಯಾಡ್ರಿ! ಚಮಚ ಎತ್ತಿದ್ರ ಲೋಳಿ ಲೋಳಿ ಎಳಿ ಬರತೈತಿ. ನಮ್ಮವ್ವ ಕೆಟ್ಟೇತಿ ಅಂತ ಡಬ್ಬಿಗಟ್ಲೆ ಚೆಲ್ಲಿದ್ಲು.

ಎಸ್ಪೋದಲ್ಲಿರೋ ಅಕ್ಕ
ಕೆಟ್ಟಿರೋದಲ್ಲ, ಆ ಹೆಪ್ಪಿನ ಗುಣವೇ ಎಳೆ ಬರೋದು. ನಮ್ಮನೇಲಿ ಒಗ್ಗರಣೆ ಹಾಕಿ ಮೊಸರನ್ನಕ್ಕೆ ಅದನ್ನೇ ಕಲಸ್ತೀವಿ.

ಧಾರವಾಡದಾಂವ
ಮೊಸರನ್ನಕ್ಕ ಅದನ್ನ ಹಾಕೋದಂದ್ರ ಅನ್ನಕ್ಕ ಅನ್ಯಾಯ ಮಾಡಿದಂಗ್ರಿ ಅಕ್ಕಾರ. ಟರ್ಕಿ ಮೊಸರು ಅಂತ ಗಟ್ಟಿ ಡಬ್ಬಿ ಸಿಗತೈತಿ, ಅದಕ್ಕ ಸ್ವಲ್ಪ ಹಾಲು ಬೆರಸ್ರಿ. ಮಜ್ಜಿಗಿ ಬೇಕಂದ್ರ ಪೀಮಾ ಐತಿ, ಉಪ್ಪು, ಇಂಗು ಊರಿಂದ ತರ್ರಿ.