ತಮ್ಮನನ್ನು ಎಸಿ ಕೆಲಸಕ್ಕೆ ಹಾಕಬೇಕು: ಐಟಿಐಯೋ, ಆರು ತಿಂಗಳ ಕೋರ್ಸೋ?

ಕೇಳಿದವನು, ಮದ್ದೂರು
ತಮ್ಮನಿಗೆ ಹತ್ತೊಂಬತ್ತು. ಪಿಯುಸಿಯಲ್ಲಿ ಎರಡು ವಿಷಯ ಉಳಿದಿವೆ, ಮತ್ತೆ ಕಟ್ಟುವುದಿಲ್ಲ ಎನ್ನುತ್ತಾನೆ. ಎಸಿ ಕೆಲಸ ಕಲಿಯುವ ಆಸೆ. ಸರ್ಕಾರಿ ಐಟಿಐಯಲ್ಲಿ ಎರಡು ವರ್ಷದ ಟ್ರೇಡೋ, ಮೈಸೂರಿನ ಖಾಸಗಿ ಸಂಸ್ಥೆಯ ಆರು ತಿಂಗಳ ಕೋರ್ಸೋ? ಕಬ್ಬಿನ ಹಣ ಇನ್ನೂ ಕೈಗೆ ಬಂದಿಲ್ಲ. ಇನ್ನೊಂದು ವಿಷಯ: ಅವನಿಗೆ ಎತ್ತರವೆಂದರೆ ಭಯ, ಮನೆಯ ಟ್ಯಾಂಕ್ ತೊಳೆಯಲೂ ಏಣಿ ಹತ್ತುವುದಿಲ್ಲ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೇಟಗಳ್ಳಿಯಿಂದ
ಐಟಿಐ. ಎರಡನೇ ಮಾತಿಲ್ಲ. ನಾನು ಓದಿದಾಗ ವರ್ಕ್‌ಶಾಪಿನಲ್ಲಿದ್ದದ್ದು ಎರಡು ವಿಂಡೋ ಎಸಿ, ಬಾಗಿಲಿಲ್ಲದ ಒಂದು ಫ್ರಿಜ್. ಪೈಪ್ ಬೆಸೆಯುವ ಬ್ರೇಜಿಂಗ್ ಸಿಲಿಂಡರ್ ಖಾಲಿಯಾದರೆ ಒಂದೊಂದು ಸಲ ಎರಡು ತಿಂಗಳು ಬರುತ್ತಿರಲಿಲ್ಲ. ಗುಜರಿಯಿಂದ ಕಾಪರ್ ತುಂಡು ತೂಕಕ್ಕೆ ತಂದು ನಾವೇ ಬೆಸೆಯುತ್ತಿದ್ದೆವು. ನನ್ನ ಮೊದಲ ಇಪ್ಪತ್ತು ಜಾಯಿಂಟ್‌ಗಳೂ ಸೋಪಿನ ನೀರಿನಲ್ಲಿ ಬುಳುಬುಳು ಎಂದವು. ಇಪ್ಪತ್ತೊಂದನೆಯದು ಸುಮ್ಮನಿತ್ತು, ಆ ತುಂಡು ಇಂದಿಗೂ ನನ್ನ ಮೇಜಿನ ಮೇಲಿದೆ. ಕೆಲಸಕ್ಕೆ ಸೇರಿದ ದಿನ ಇನ್ವರ್ಟರ್ ಎಸಿಯ ಪಿಸಿಬಿ (ಎಲೆಕ್ಟ್ರಾನಿಕ್ ಬೋರ್ಡ್) ಬಿಚ್ಚಿ ಬೆವರಿದ್ದು ನಿಜ, ಅದನ್ನು ಯಾರೂ ಕಲಿಸಿರಲಿಲ್ಲ. ಆದರೆ ಆ ಸರ್ಟಿಫಿಕೇಟಿನಿಂದ ಅಪ್ರೆಂಟಿಸ್ ಆದೆ, ಈಗ ಕಾರ್ಖಾನೆಯೊಂದರ ಚಿಲ್ಲರ್ ಪ್ಲಾಂಟಿನಲ್ಲಿ ಕಾಯಂ ನೌಕರ. ಪಿಎಫ್ ಇದೆ.

ಕೋರ್ಸ್ ಮಾಡಿ ಕೈಸುಟ್ಟುಕೊಂಡವನು
ಖಾಸಗಿ ಕೋರ್ಸಿನ ಲೆಕ್ಕ ಕೇಳಿ. ಶುಲ್ಕ 42,000. ಟೂಲ್ ಕಿಟ್ 6,500. ಸಮವಸ್ತ್ರ 1,800. ಪರೀಕ್ಷೆಗೆಂದು 2,000. ಒಟ್ಟು 52,300, ರಸೀದಿ ಕೊಟ್ಟದ್ದು 42,000ಕ್ಕೆ ಮಾತ್ರ. ಕಿಟ್ಟಿನ ಗೇಜಿನ ಮುಳ್ಳು ಸೊನ್ನೆಗೆ ಬರುತ್ತಲೇ ಇರಲಿಲ್ಲ. ಪೈಪಿನ ಬಾಯಿ ಅಗಲಿಸುವ ಫ್ಲೇರಿಂಗ್ ಟೂಲ್ ಮೂರನೇ ಪೈಪಿಗೇ ಜಾರಿತು. ‘ನೂರಕ್ಕೆ ನೂರು ಉದ್ಯೋಗ’ ಎಂದರೆ ಬೆಂಗಳೂರಿನಲ್ಲಿ ಫಿಲ್ಟರ್ ತೊಳೆಯುವ ಹೆಲ್ಪರ್ ಕೆಲಸ. ಸಂಬಳ 11,000, ಪಿಜಿಗೆ 6,500. ನಾಲ್ಕು ತಿಂಗಳಿಗೆ ವಾಪಸ್ ಬಂದೆ. ಅಮ್ಮ ಅಡವಿಟ್ಟ ಬಳೆಗಳು ಬರಲು ಇನ್ನೂ ಒಂದೂವರೆ ವರ್ಷ ಹಿಡಿಯಿತು.

ವಿಜಯನಗರದ ಅಂಗಡಿಯವನು
ನಾನು ಎರಡೂ ಮಾಡಲಿಲ್ಲ. ಮೇಸ್ತ್ರಿಯ ಹಿಂದೆ ನಾಲ್ಕು ವರ್ಷ ಏಣಿ ಹೊತ್ತೆ. ಬೈಸಿಕೊಂಡೇ ಕಲಿತೆ. ಈಗ ಇಬ್ಬರು ಹುಡುಗರಿಗೆ ಸಂಬಳ ಕೊಡುತ್ತೇನೆ. ಹೊಸ ಎಸಿ ಕೂರಿಸುವಾಗ ಪುಸ್ತಕದವರು ಪೈಪಿನೊಳಗಿನ ಗಾಳಿ ಎಳೆಯಲು ವ್ಯಾಕ್ಯೂಮ್ ಪಂಪ್ ಹಚ್ಚಿ ಅರ್ಧ ಗಂಟೆ ಕೈಕಟ್ಟಿ ನಿಲ್ಲುತ್ತಾರೆ. ನಾನು ಔಟ್‌ಡೋರ್ ಯೂನಿಟ್ಟಿನ ವಾಲ್ವ್ ಚೂರು ತೆರೆದು ಅದರ ಗ್ಯಾಸಿನಿಂದಲೇ ಪೈಪಿನ ಗಾಳಿ ಹೊರದೂಡುತ್ತೇನೆ. ಹತ್ತು ಸೆಕೆಂಡಿನ ಕೆಲಸ.

ಮೇಟಗಳ್ಳಿಯಿಂದ
ಸ್ವಾಮಿ, ಇದನ್ನು ಹೆಮ್ಮೆಯಿಂದ ಬೇರೆ ಬರೆಯುತ್ತೀರಾ? ಆರ್-22 ಎಂಬ ಹಳೆಯ ಗ್ಯಾಸಿನ ಕಾಲದ ಚಾಳಿ ಅದು. ಈಗಿನ ಆರ್-32 ಬೆಂಕಿ ಹಿಡಿಯುವ ಗ್ಯಾಸ್. ಅದರ ಕಂಪ್ರೆಸರ್‌ಗೆ ಹಾಕುವ ಎಣ್ಣೆ ತೇವವನ್ನು ಹೀರಿಕೊಳ್ಳುತ್ತದೆ. ಗಾಳಿ ಹೋದರೂ ಪೈಪಿನೊಳಗಿನ ತೇವ ಹಾಗೆ ಹೋಗುವುದಿಲ್ಲ, ಪಂಪ್ ಹಚ್ಚಿ ನಿರ್ವಾತವನ್ನು 500 ಮೈಕ್ರಾನ್‌ವರೆಗೆ ಎಳೆಯಲೇಬೇಕು. ನಿಮ್ಮ ಗಿರಾಕಿಗಳ ಕಂಪ್ರೆಸರ್‌ಗಳನ್ನು ದೇವರೇ ಕಾಪಾಡಬೇಕು.

ವಿಜಯನಗರದ ಅಂಗಡಿಯವನು
ತಿಂಗಳ ಸಂಬಳದವರಿಗೆ ಮೈಕ್ರಾನ್ ಎಣಿಸಲು ಪುರುಸೊತ್ತಿದೆ. ಏಪ್ರಿಲಿನಲ್ಲಿ ದಿನಕ್ಕೆ ಐದು ಫಿಟ್ಟಿಂಗ್, ಒಂದಕ್ಕೆ 1,500, ಅದರಲ್ಲೂ ಡೀಲರ್ 400 ಮುರಿದುಕೊಳ್ಳುತ್ತಾನೆ. ಬಂದು ಮಾಡಿ ತೋರಿಸಿ.

ಮಂಡ್ಯದಿಂದ
ಇಬ್ಬರೂ ಅಸಲು ವಿಷಯ ಬಿಟ್ಟಿದ್ದೀರಿ. ಇದು ಚೆನ್ನೈ ಅಲ್ಲ. ನಮ್ಮ ಕಡೆ ಎಸಿ ಸೀಸನ್ ಎಂದರೆ ಮಾರ್ಚ್‌ನಿಂದ ಮೇವರೆಗೆ. ಮುಂಗಾರು ಬಿದ್ದ ಮರುದಿನದಿಂದ ಫೋನ್ ಹೊಡೆದುಕೊಳ್ಳುವುದಿಲ್ಲ. ಪಂಪಿಗೆ 8,500, ಡ್ರಿಲ್ಲಿಗೆ 5,200, ಕ್ಲ್ಯಾಂಪ್ ಮೀಟರ್‌ಗೆ 2,400 ಸುರಿದು ಮೊದಲ ವರ್ಷ ಜೂನ್‌ನಿಂದ ಸುಮ್ಮನೆ ಕುಳಿತಿದ್ದೆ. ನನ್ನನ್ನು ಉಳಿಸಿದ್ದು ಗೀಸರ್. ಬೋರ್‌ವೆಲ್ಲಿನ ಗಡಸು ನೀರು. ಎರಡೇ ವರ್ಷಕ್ಕೆ ಎಲಿಮೆಂಟ್ ಮೇಲೆ ಸುಣ್ಣದ ಹೆಕ್ಕಳಿಕೆ ಕಟ್ಟಿ ಮೊಟ್ಟೆಯ ಸಿಪ್ಪೆಯ ಹಾಗೆ ಉದುರುತ್ತದೆ. ಒಳಗಿನ ಮೆಗ್ನೀಸಿಯಂ ರಾಡ್ ಸವೆದು ತಂತಿಯಾಗಿರುತ್ತದೆ. ಅದನ್ನು ಸಮಯಕ್ಕೆ ಬದಲಿಸಿದರೆ ಟ್ಯಾಂಕ್ ತೂತಾಗುವುದು ತಪ್ಪುತ್ತದೆ, ಬಹಳ ಜನಕ್ಕೆ ಅದು ಇರುವುದೇ ಗೊತ್ತಿಲ್ಲ. ಅದರ ಜೊತೆಗೆ ಸೋಲಾರ್ ಕೆಲಸವೂ ಇದೆ. ವರ್ಷವಿಡೀ ಅನ್ನ.

ವಿಜಯನಗರದ ಅಂಗಡಿಯವನು
ಗೀಸರ್ ಪ್ಲಂಬರ್ ಕೆಲಸ. ಎಸಿಯವರ ಮಧ್ಯೆ ಅದನ್ನು ಯಾಕೆ ತರುತ್ತೀರಿ?

ಮಂಡ್ಯದಿಂದ
ಜೂನ್‌ನಲ್ಲಿ ಅಂಗಡಿ ಬಾಡಿಗೆ ಕಟ್ಟುವಾಗ ನೆನಪಾದರೆ ಫೋನ್ ಮಾಡಿ, ಹೇಳುತ್ತೇನೆ.

ಕೇಳಿದವನು, ಮದ್ದೂರು
ಎಲ್ಲರಿಗೂ ವಂದನೆಗಳು. ತಮ್ಮನ ಎತ್ತರದ ಭಯದ ಬಗ್ಗೆ ಯಾರೂ ಹೇಳಲಿಲ್ಲ.

ಕುವೆಂಪುನಗರದಿಂದ
ನಾನು ಹೇಳುತ್ತೇನೆ. ನನಗೆ ಭಯವೇ ಇರಲಿಲ್ಲ, ಅದೇ ತಪ್ಪಾಯಿತು. ಎರಡನೇ ಮಹಡಿಯ ಸಜ್ಜೆಯ ಮೇಲೆ ಒಂದು ಕಾಲು, ಕಿಟಕಿಯ ಗ್ರಿಲ್ಲಿನಲ್ಲಿ ಒಂದು ಕೈ, ಮೂವತ್ತು ಕಿಲೋ ಯೂನಿಟ್ ಮೇಲಿನಿಂದ ಹಗ್ಗದಲ್ಲಿ ಇಳಿಯುತ್ತಿತ್ತು. ಸೇಫ್ಟಿ ಬೆಲ್ಟ್ ಗಾಡಿಯ ಡಿಕ್ಕಿಯಲ್ಲಿತ್ತು. ಸ್ಟ್ಯಾಂಡಿನ ಆಂಕರ್ ಬೋಲ್ಟ್ ಟೊಳ್ಳು ಇಟ್ಟಿಗೆಗೆ ಬಿದ್ದಿತ್ತು, ಕಿತ್ತುಬಂತು. ಹಿಮ್ಮಡಿ ಎರಡು ಹೋಳಾಯಿತು. ಆಸ್ಪತ್ರೆಗೆ 86,000, ಐದು ತಿಂಗಳು ಮನೆಯಲ್ಲಿ. ಕೆಲಸ ಕೊಟ್ಟವರು ಕೊಟ್ಟದ್ದು 5,000 ಮತ್ತು ಒಂದು ಚೀಲ ಮೂಸಂಬಿ. ಯೂನಿಟ್ ಜಜ್ಜಿಹೋದದ್ದಕ್ಕೆ ನನ್ನ ಬಾಕಿಯಲ್ಲಿ ಮುರಿದುಕೊಂಡರು.

ವಿಜಯನಗರದ ಅಂಗಡಿಯವನು
ಟೊಳ್ಳು ಇಟ್ಟಿಗೆಯನ್ನು ತಟ್ಟಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಏಣಿ ಹೊತ್ತು ಕಲಿತವರು ಬೀಳುವುದಿಲ್ಲ.

ಕುವೆಂಪುನಗರದಿಂದ
ಏಣಿ ಹೊತ್ತೇ ಕಲಿತವನು ನಾನು. ನಾಲಿಗೆ ಬಿಗಿ ಇರಲಿ.

ಮಂಡ್ಯದಿಂದ
ಮದ್ದೂರಿನವರೇ, ಇವರ ಜಗಳ ಇರಲಿ. ತಮ್ಮನನ್ನು ನನ್ನ ಹತ್ತಿರ ಕಳುಹಿಸಿ. ನಮ್ಮ ಕೆಲಸಕ್ಕೆ ಒಂದು ಸ್ಟೂಲ್ ಸಾಕು.

ವಿಜಯನಗರದ ಅಂಗಡಿಯವನು
ಸೋಲಾರನ್ನು ಮಂಡ್ಯದವರು ಅಡುಗೆಮನೆಯಲ್ಲಿ ಇಡುತ್ತಾರೆಯೇ ಸ್ವಾಮಿ?