ಅಪ್‌ಡೇಟ್: ಎರಡು ಗಿಟ್‌ಹಬ್ ಅಕೌಂಟ್, ಎರಡು ಕೀ, ಕೊನೆಗೂ ಸರಿಹೋಯ್ತು

ಒಂದೇ ಲ್ಯಾಪ್‌ಟಾಪ್‌ನಲ್ಲಿ ಸ್ವಂತದ್ದು, ಆಫೀಸಿನದು ಅಂತ ಎರಡು ಗಿಟ್‌ಹಬ್ (ಕೋಡ್ ಇಟ್ಟುಕೊಳ್ಳುವ ಸೈಟ್) ಅಕೌಂಟ್ ಇವೆ. ಬೇರೆ ಬೇರೆ ಎಸ್‌ಎಸ್‌ಹೆಚ್ ಕೀ (ಪಾಸ್‌ವರ್ಡ್ ಬದಲು ಗುರುತು ತೋರಿಸುವ ಫೈಲ್) ಮಾಡಿದ್ದರೂ ಆಫೀಸಿನ ರೆಪೊಗೆ (ಕೋಡ್ ಇರುವ ಜಾಗ) ಪುಶ್ ಮಾಡಿದರೆ, ಅಂದರೆ ಕೋಡ್ ಕಳಿಸಿದರೆ, ‘ರೆಪೊಸಿಟರಿ ನಾಟ್ ಫೌಂಡ್’ ಬರುತ್ತದೆ ಎಂದು ಕೇಳಿದ್ದೆ, ಅಲ್ವಾ? ತಪ್ಪು ನನ್ನದೇ.

ಎಸ್‌ಎಸ್‌ಹೆಚ್ ಕಾನ್ಫಿಗ್ (ಸೆಟ್ಟಿಂಗ್) ಫೈಲಿನಲ್ಲಿ ಗಿಟ್‌ಹಬ್‌ಗೇ ಎರಡು ಹೋಸ್ಟ್ ಹೆಸರು ಕೊಟ್ಟು, ಒಂದೊಂದಕ್ಕೂ ‘ಐಡೆಂಟಿಟಿಫೈಲ್’ (ಯಾವ ಕೀ ಬಳಸಬೇಕು ಅನ್ನೋ ಸಾಲು) ಬರೆದಿದ್ದೆ. ಅಷ್ಟು ಸಾಕು ಅಂದುಕೊಂಡಿದ್ದೆ. ಸಾಲದು. ಎಸ್‌ಎಸ್‌ಹೆಚ್ ಏಜೆಂಟ್‌ಗೆ (ಕೀಗಳನ್ನು ನೆನಪಿಟ್ಟುಕೊಳ್ಳುವ ಪ್ರೋಗ್ರಾಂ) ಸ್ವಂತ ಕೀ ಮಾತ್ರ ಸೇರಿಸಿದ್ದೆ. ಏಜೆಂಟ್‌ನಲ್ಲಿರುವ ಕೀ ಮೊದಲು ಹೋಗುತ್ತದೆ, ಫೈಲಿನಲ್ಲಿ ಮಾತ್ರ ಇರುವುದು ಆಮೇಲೆ. ಗಿಟ್‌ಹಬ್ ಮೊದಲು ಗುರುತು ಸಿಕ್ಕ ಕೀಯನ್ನೇ ಒಪ್ಪಿಕೊಂಡು ‘ಇವನು ಆ ಅಕೌಂಟಿನವನು’ ಅಂತ ಒಳಗೆ ಬಿಡುತ್ತದೆ. ಹೀಗೆ ಸಿಕ್ಕಿದ್ದು ನನ್ನ ಸ್ವಂತ ಅಕೌಂಟ್, ಅದಕ್ಕೆ ಆಫೀಸಿನ ರೆಪೊ ಕಾಣೋದೇ ಇಲ್ಲ!

ಎರಡೂ ಹೋಸ್ಟ್‌ಗಳ ಕೆಳಗೆ ‘ಐಡೆಂಟಿಟೀಸ್‌ಓನ್ಲಿ ಯೆಸ್’ (ಇಲ್ಲಿ ಬರೆದ ಕೀ ಮಾತ್ರ ಕಳಿಸು) ಅಂತ ಒಂದು ಸಾಲು ಸೇರಿಸಿದೆ. ಯಾವ ಅಕೌಂಟ್ ಆಗಿ ಒಳಗೆ ಹೋಗುತ್ತೇನೆ ಅಂತ ‘ಎಸ್‌ಎಸ್‌ಹೆಚ್ -ಟಿ’ ಕಮಾಂಡ್ ಕೊಟ್ಟು ನೋಡಿದರೆ ‘ಹಾಯ್’ ಪಕ್ಕದಲ್ಲಿ ಆಫೀಸಿನ ಯೂಸರ್‌ನೇಮ್ ಬಂತು. ಸುಮ್ನೆ ಎರಡು ಸಂಜೆ ಹಾಳು.

ಹಳೆಯ ಕ್ಲೋನ್‌ಗಳ (ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡ ರೆಪೊ ಪ್ರತಿಗಳು) ರಿಮೋಟ್ ವಿಳಾಸವನ್ನೂ ಹೊಸ ಹೋಸ್ಟ್ ಹೆಸರಿಗೆ ಬದಲಿಸಬೇಕಾಯಿತು. ಇನ್ನೊಂದು: ಕೀ ಬದಲಾದರೆ ಕಮಿಟ್‌ನ (ದಾಖಲಿಸಿದ ಕೋಡ್ ಬದಲಾವಣೆಯ) ಇಮೇಲ್ ಬದಲಾಗುವುದಿಲ್ಲ. ಅದಕ್ಕೆ ಗಿಟ್ ಕಾನ್ಫಿಗ್‌ನಲ್ಲಿ ‘ಇನ್‌ಕ್ಲೂಡ್‌ಇಫ್’ (ಇಂಥ ಫೋಲ್ಡರ್ ಆದರೆ ಈ ಸೆಟ್ಟಿಂಗ್ ತಗೋ ಅನ್ನೋ ಸಾಲು) ಬಳಸಿ, ಆಫೀಸಿನ ಫೋಲ್ಡರ್‌ಗೆ ಬೇರೆ ಇಮೇಲ್ ಕೊಟ್ಟಿದ್ದೇನೆ.